ಗುಂಡು ಎಲ್ಲಿ ನಾಟಿತು?

ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂಬುದು ನಮ್ಮ ಹಿರಿಯರ ಮಾತು. ರೈಫಲ್ ಅಭ್ಯಾಸದ ಬಯಲಿನಲ್ಲಿ ಗುರಿಯೆಂದರೆ ಎದುರಿಗೆ ನಿಲ್ಲಿಸಿದ ಕಾಗದ. ಗುರುವೆಂದರೆ, ಮಗ್ಗುಲಲ್ಲಿ ಮುಕ್ಕಾಲಿಯ ಮೇಲೆ ಕುಳಿತು, ಗುಂಡು ಎಲ್ಲಿ ನಾಟಿತೆಂದು ತೋರಿಸುವ ದೂರದರ್ಶಕ. ಇವೆರಡರಲ್ಲಿ ಒಂದಿಲ್ಲದಿದ್ದರೂ ಮದ್ದುಗುಂಡು ವೆಚ್ಚವಾದೀತೇ ಹೊರತು ವಿದ್ಯೆ ಕೈಹತ್ತದು.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುವುದುಂಟು. ಕಾಯಿ ಒಡೆದರೆ ಗೆಲುವು, ಇಲ್ಲವಾದರೆ ಸೋಲು. ಹಬ್ಬದ ಸಂಭ್ರಮಕ್ಕೆ ಇದಕ್ಕಿಂತ ಒಳ್ಳೆಯ ಗುರಿ ಬೇಕಿಲ್ಲ. ಆದರೆ ಕಲಿಯುವವರಿಗೆ ಅಷ್ಟು ಸಾಲದು. ಗುಂಡು ಎಡಕ್ಕೆ ತಪ್ಪಿತೆ, ಬಲಕ್ಕೆ ತಪ್ಪಿತೆ, ಗೇಣಿನಷ್ಟೋ ಕೂದಲೆಳೆಯಷ್ಟೋ ಎಂಬುದನ್ನು ತೆಂಗಿನಕಾಯಿ ಹೇಳದು. ಉಕ್ಕಿನ ತಟ್ಟೆಯೂ ಹಾಗೆಯೇ. ತಗುಲಿದರೆ ಠಣ್ ಎಂದೀತು, ತಪ್ಪಿದರೆ ಮೌನ. ಕಾಗದವಾದರೋ ತನ್ನ ಮೇಲೆ ಬಿದ್ದ ಪ್ರತಿಯೊಂದು ಗುಂಡಿನ ಲೆಕ್ಕವನ್ನೂ ಉಳಿಸಿಕೊಳ್ಳುತ್ತದೆ.

ಅಂತರರಾಷ್ಟ್ರೀಯ ಪಂದ್ಯಗಳ 50 ಮೀಟರ್ ರೈಫಲ್ ಗುರಿಯಲ್ಲಿ ಕಪ್ಪು ವೃತ್ತದ ಅಡ್ಡಳತೆ 112.4 ಮಿಲಿಮೀಟರ್, ನಡುವಣ ಹತ್ತು ಅಂಕದ ವೃತ್ತ ಕೇವಲ 10.4 ಮಿಲಿಮೀಟರ್. 10 ಮೀಟರ್ ಏರ್ ರೈಫಲ್ ಪಂದ್ಯದಲ್ಲಂತೂ ಹತ್ತು ಅಂಕವೆಂಬುದು ಅರ್ಧ ಮಿಲಿಮೀಟರಿನ ಚುಕ್ಕೆ! ಗುರಿಕಾರರು ಆ ಚುಕ್ಕೆಯನ್ನು ನೋಡಿ ಹೊಡೆಯುವುದಿಲ್ಲ. ಕಪ್ಪು ವೃತ್ತವನ್ನು ರೈಫಲಿನ ಮುಂದಿನ ಬಳೆಯೊಳಗೆ ಸರಿಯಾಗಿ ನಡುವೆ ನಿಲ್ಲಿಸಿಕೊಳ್ಳುವರು. ಆದುದರಿಂದ ಗುರಿಯನ್ನು ದೂರಕ್ಕೆ ತಕ್ಕಂತೆ ಆರಿಸಬೇಕು. ಬಯಲು 25 ಮೀಟರ್ ಮಾತ್ರವಿದ್ದರೆ ಕಪ್ಪು ವೃತ್ತವನ್ನು ಅರ್ಧಕ್ಕೆ ಇಳಿಸಿದ ಕಾಗದವೇ ಲೇಸು. ಕಣ್ಣಿಗೆ ಅದು 50 ಮೀಟರಿನದರಂತೆಯೇ ತೋರುವುದು.

ಐದು ಗುಂಡು ಹೊಡೆದ ಮೇಲೆ ಕಾಗದವನ್ನು ಓದಬೇಕು. ರಂಧ್ರಗಳು ಒತ್ತಾಗಿ ಒಂದೇ ಮೂಲೆಯಲ್ಲಿ ಕೂಡಿದ್ದರೆ ಕೈ ಸರಿಯಾಗಿದೆ, ರೈಫಲಿನ ನೋಟವನ್ನು ತಿದ್ದಿದರಾಯಿತು. ಹರಡಿ ಚೆದುರಿದ್ದರೆ ದೋಷವನ್ನು ಉಸಿರಿನಲ್ಲಿ, ಬೆರಳಿನಲ್ಲಿ, ನಿಲುವಿನಲ್ಲಿ ಹುಡುಕಬೇಕು.

ಆದರೆ ರಂಧ್ರವನ್ನು ಕಾಣುವುದೆಂತು? ಪಾಯಿಂಟ್ ಟೂಟೂ ರೈಫಲಿನ ಗುಂಡಿನ ಅಡ್ಡಳತೆ ಸುಮಾರು 5.6 ಮಿಲಿಮೀಟರ್. 50 ಮೀಟರ್ ದೂರದಲ್ಲಿ ಆರೋಗ್ಯವಂತ ಕಣ್ಣಿಗೂ ಸುಮಾರು 15 ಮಿಲಿಮೀಟರಿಗಿಂತ ಕಿರಿದಾದ ವಿವರ ಸ್ಪಷ್ಟವಾಗದು. ಇಪ್ಪತ್ತು ಪಟ್ಟು ಹಿಗ್ಗಿಸುವ ದೂರದರ್ಶಕವಿದ್ದರೆ ಅದೇ ಕಾಗದ ಎರಡೂವರೆ ಮೀಟರ್ ಸಮೀಪದಲ್ಲಿದ್ದಂತೆ ತೋರುವುದು. ಹಾಗೆಂದು ಅರುವತ್ತು ಪಟ್ಟಿನ ಆಸೆಗೆ ಬೀಳಬಾರದು. 60 ಮಿಲಿಮೀಟರ್ ಮುಂಗಾಜಿನಲ್ಲಿ ಅಷ್ಟು ಹಿಗ್ಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ಕಂಬ ಒಂದೇ ಮಿಲಿಮೀಟರಾಗಿ ಚಿತ್ರ ಮಸುಕಾಗುತ್ತದೆ. ಬಿಸಿಲ ಝಳದ ತುಯ್ದಾಟವೂ ಅಷ್ಟೇ ಪಾಲು ಹಿಗ್ಗುತ್ತದೆ. ಆ ಝಳವೂ ವ್ಯರ್ಥವಲ್ಲ. ಅದು ವಾಲುವ ದಿಕ್ಕಿನಿಂದ ಅನುಭವಿಗಳು ಗಾಳಿಯನ್ನು ಅರಿಯುವರು. ಮಲಗಿ ಹೊಡೆಯುವವರು ಓರೆಯಾದ ಕಣ್ಗಾಜುಳ್ಳ ದೂರದರ್ಶಕವನ್ನು ಮುಖದ ಬಳಿಯೇ ಇರಿಸಿಕೊಂಡರೆ ಪ್ರತಿ ಗುಂಡಿಗೂ ಮೈ ಕದಲಿಸಬೇಕಾಗಿಲ್ಲ.

ಅರ್ಜುನನಿಗೆ ಹಕ್ಕಿಯ ಕಣ್ಣೊಂದೇ ಕಂಡಿತೆಂದು ಎಲ್ಲರೂ ಬಲ್ಲರು. ಬಯಲಿನ ಅರ್ಜುನನಾದರೋ ಮರ ತನ್ನದೇ ಎಂದು ಮೊದಲು ನೋಡಿಕೊಳ್ಳಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ, 50 ಮೀಟರ್ ಮೂರು ಭಂಗಿಗಳ ರೈಫಲ್ ಪಂದ್ಯದ ಅಂತಿಮ ಸುತ್ತಿನಲ್ಲಿ, ಅಮೆರಿಕದ ಮ್ಯಾಥ್ಯೂ ಎಮನ್ಸ್ ಎಲ್ಲರಿಗಿಂತ ಮುಂದಿದ್ದರು. ಉಳಿದದ್ದು ಒಂದೇ ಗುಂಡು. ಗುರಿಯ ಸಂಖ್ಯೆಯನ್ನು ನೋಡಿಕೊಳ್ಳದೆ ಪಕ್ಕದವರ ಗುರಿಗೆ ಹೊಡೆದರು. ದೊರೆತ ಅಂಕ ಸೊನ್ನೆ. ಮೊದಲ ಸ್ಥಾನದಿಂದ ಎಂಟನೆಯದಕ್ಕೆ ಇಳಿದರು. ಚಿನ್ನ ಚೀನದ ಜಿಯಾ ಝಾನ್‌ಬೋ ಪಾಲಾಯಿತು.

ಇಂದಿನ ದೊಡ್ಡ ಪಂದ್ಯಗಳಲ್ಲಿ ವಿದ್ಯುನ್ಮಾನ ಗುರಿಗಳೇ ಅಂಕವನ್ನು ಕ್ಷಣಮಾತ್ರದಲ್ಲಿ ತೋರಿಸುತ್ತವೆ. ಅಂಥ ಸೌಕರ್ಯವಿಲ್ಲದ ಬಯಲಿನಲ್ಲಿ ಕಾಗದವೂ ದೂರದರ್ಶಕವೂ ಬೇಕೇ ಬೇಕು. ಎಲ್ಲಿ ತಪ್ಪಿದೆನೆಂದು ಅರಿಯದೆ ನೂರು ಗುಂಡು ಹೊಡೆದವರು ತಪ್ಪನ್ನೇ ನೂರು ಸಲ ಅಭ್ಯಾಸ ಮಾಡಿದಂತೆ. ಹತ್ತೇ ಹೊಡೆದು, ಹತ್ತನ್ನೂ ನೋಡಿ ತಿದ್ದಿಕೊಂಡವರು ನಾಳೆ ಅವರನ್ನು ಹಿಂದೆ ಹಾಕಿಯಾರು.