ಕಿಡ್ನಿ ಸೋರಿದರೆ ಮಿದುಳಿಗೂ ಕುತ್ತು: ಬಿಪಿ, ಶುಗರ್ ಇರುವವರು ಮಾಡಿಸಬೇಕಾದ ಒಂದು ಮೂತ್ರ ಪರೀಕ್ಷೆ

ಬಿಪಿ, ಶುಗರ್ ಇರುವವರಿಗೆ ಕಿಡ್ನಿ ಅಂದ ಕೂಡಲೇ ನೆನಪಾಗೋದು ಡಯಾಲಿಸಿಸ್. ಆದರೆ ಕಿಡ್ನಿ ದುರ್ಬಲವಾದವರಲ್ಲಿ ಎಷ್ಟೋ ಮಂದಿಗೆ ಆ ಹಂತ ಬರುವ ಮೊದಲೇ ಹೃದಯಾಘಾತವೋ ಲಕ್ವವೋ ಎದುರಾಗುತ್ತದೆ. ಕಿಡ್ನಿಗೂ ಲಕ್ವಕ್ಕೂ ಏನು ನಂಟು?

ಎರಡೂ ಕಡೆ ಒಂದೇ ಬಗೆಯ ನಾಳ

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ. ಮಿದುಳಿಗೂ ಹಗಲು ರಾತ್ರಿ ಎನ್ನದೆ ರಕ್ತ ಧಾರಾಳವಾಗಿ ಹರಿಯುತ್ತಿರಬೇಕು. ಎರಡೂ ಕಡೆ ದೊಡ್ಡ ರಕ್ತನಾಳದಿಂದ ತೀರಾ ಸಣ್ಣ ನಾಳಗಳು ನೇರವಾಗಿ ಕವಲೊಡೆಯುತ್ತವೆ. ಊರಿನ ಮುಖ್ಯ ಪೈಪಿಗೇ ಸಣ್ಣ ನಲ್ಲಿ ಜೋಡಿಸಿದ ಹಾಗೆ. ಪ್ರೆಷರ್ ಏರಿದರೆ ಮೊದಲ ಏಟು ಅದಕ್ಕೇ.

ವರ್ಷಗಟ್ಟಲೆ ಬಿಪಿ, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಈ ನಾಳಗಳು ಹಾಳಾಗುತ್ತವೆ. ಆಗ ಕಿಡ್ನಿಯ ಸೋಸುವ ಜಾಗದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಮಿದುಳಿನಲ್ಲಿ ನಾಳ ಕಟ್ಟಿಕೊಂಡು, ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ಭಾಗ ಸತ್ತುಹೋಗುತ್ತದೆ. ಇದೇ ಸಣ್ಣ ನಾಳದ ಲಕ್ವ. ರಕ್ತ ಹರಿವು ನಿಂತು ಆಗುವ ಲಕ್ವಗಳಲ್ಲಿ ಸುಮಾರು ಕಾಲು ಭಾಗ ಈ ಬಗೆಯದು. ಮೇಲಾಗಿ, ಕಿಡ್ನಿ ಸೋತಾಗ ಉಪ್ಪು, ನೀರು ದೇಹದಲ್ಲೇ ಉಳಿದು ಬಿಪಿ ಇನ್ನೂ ಏರುತ್ತದೆ.

'ಮಲಗಿದರೆ ಸರಿಹೋಗುತ್ತೆ' ಅನ್ನಬೇಡಿ

ಇದರಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪೋದಿಲ್ಲ. ಒಂದು ಪಕ್ಕದ ಕೈಕಾಲು ಸೋಲುವುದು, ಜೋಮು ಹಿಡಿಯುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಲಕ್ಷಣಗಳು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಹೆಚ್ಚೆಂದರೆ ನಾಲ್ಕೂವರೆ ಗಂಟೆ. ತಕ್ಷಣ 108ಕ್ಕೆ ಕರೆ ಮಾಡಿ, ಲಕ್ಷಣ ಶುರುವಾದ ಹೊತ್ತು ನೆನಪಿಟ್ಟುಕೊಳ್ಳಿ. ಕೆಲವು ಸಲ ಏನೂ ಗೊತ್ತಾಗದೆ ಚಿಕ್ಕ ಚಿಕ್ಕ ಲಕ್ವಗಳು ಆಗುತ್ತಾ ಹೋಗಿ, ನಡಿಗೆ ನಿಧಾನವಾಗುತ್ತದೆ, ಮರೆವು ಹೆಚ್ಚುತ್ತದೆ.

ಯಾವ ಪರೀಕ್ಷೆ?

ರಕ್ತದ ಕ್ರಿಯಾಟಿನಿನ್ ನಾರ್ಮಲ್ ಬಂತು ಅಂತ ನಿಶ್ಚಿಂತರಾಗಬೇಡಿ. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಗ್ಗುವವರೆಗೂ ಅದು ನಾರ್ಮಲ್ ಅಂತಲೇ ತೋರಿಸಬಹುದು. ಸೋರಿಕೆ ಮೊದಲೇ ಗೊತ್ತಾಗೋದು ಮೂತ್ರದ 'ಎಸಿಆರ್' ಪರೀಕ್ಷೆಯಲ್ಲಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಬುಮಿನ್ ಇದ್ದರೆ ಎಚ್ಚರಿಕೆ ಗಂಟೆ. ಜ್ವರ, ಮೂತ್ರದ ಸೋಂಕು ಇದ್ದಾಗಲೂ ಏರಬಹುದಾದ್ದರಿಂದ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಮೂತ್ರದಲ್ಲಿ ನೊರೆ ಕಾಣಲಿ ಅಂತ ಕಾಯಬೇಡಿ, ಆರಂಭದ ಸೋರಿಕೆ ಕಣ್ಣಿಗೆ ಕಾಣದು.

ದಿನನಿತ್ಯ ಏನು ಮಾಡಬೇಕು?

* 'ಈಗ ಆರಾಮಿದೀನಿ' ಅಂತ ಬಿಪಿ ಮಾತ್ರೆ ನಿಲ್ಲಿಸಬೇಡಿ. ಆರಾಮಿರೋದು ಆ ಮಾತ್ರೆಯಿಂದಲೇ ಇರಬಹುದು.
* ದಿನವಿಡೀ ಅಂಗಡಿಯಲ್ಲಿ ನಿಂತು ಮಂಡಿ ನೋವು ಬಂತು ಅಂತ ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಯನ್ನು ಚೀಟಿಯಿಲ್ಲದೆ ನುಂಗಬೇಡಿ. ಅದು ಕಿಡ್ನಿಗೂ ಕೆಟ್ಟದ್ದು, ಬಿಪಿಗೂ ಕೆಟ್ಟದ್ದು.
* ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚದಷ್ಟು, ಅಂದರೆ 5 ಗ್ರಾಂ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕಕ್ಕೇ ಸೇರುತ್ತದೆ.
* ಕಿಡ್ನಿ ತೊಂದರೆ ಇರುವವರು 'ಲೋ ಸೋಡಿಯಂ' ಉಪ್ಪಿಗೆ ಬದಲಾಗುವ ಮುನ್ನ ವೈದ್ಯರನ್ನು ಕೇಳಿ. ಅದರಲ್ಲಿರುವ ಪೊಟ್ಯಾಷಿಯಂ ಅಪಾಯ ತರಬಹುದು.
* ಬೀಡಿ, ಸಿಗರೇಟು, ತಂಬಾಕು ಬಿಡಿ.

ಬಿಪಿ, ಶುಗರ್ ಪರೀಕ್ಷೆ 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಎರಡರಲ್ಲಿ ಒಂದಿದ್ದರೂ ವರ್ಷಕ್ಕೊಮ್ಮೆ ಎಸಿಆರ್ ಬಗ್ಗೆ ವೈದ್ಯರನ್ನು ನೀವೇ ಕೇಳಿ. ಸೋರಿಕೆ ಬೇಗ ಸಿಕ್ಕರೆ ಅದನ್ನು ತಗ್ಗಿಸುವ ಮಾತ್ರೆಗಳಿವೆ. ಸತ್ತ ಮಿದುಳಿನ ಭಾಗವನ್ನು ಬದುಕಿಸುವ ಮಾತ್ರೆ ಇಲ್ಲ.