ಸಿಂಹ ಕಾಣಲಿಲ್ಲ, ಸೈನೈಡ್ ಗುಡ್ಡ ಕಂಡಿತು!

ಕೆ.ಜಿ.ಎಫ್.: "ಆಫ್ರಿಕಾಕ್ಕೆ ಹೋಗಿದ್ಯಂತಲ್ಲ, ಸಿಂಹ ನೋಡಿದ್ಯೇನಮ್ಮಾ?"

ಮಾರಿಕುಪ್ಪಂ ರೈಲಿನಲ್ಲಿ ಈ ಪ್ರಶ್ನೆ ಕೇಳದವರೇ ಇಲ್ಲ. ಚಾಂಪಿಯನ್ ಸ್ಟೇಷನ್ನಿನಲ್ಲಿ ಕತ್ತಲಿರುವಾಗಲೇ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನಾ ಓಡಾಡುವ ನರ್ಸಿಂಗ್ ವಿದ್ಯಾರ್ಥಿನಿ ಅವಳು. "ಸಿಂಹ ಗಿಂಹ ಏನೂ ಇಲ್ಲ ಅಣ್ಣಾ, ನಮ್ಮ ಸೈನೈಡ್ ಗುಡ್ಡ ನೋಡ್ಕೊಂಡು ಬಂದೆ" ಅಂತಾಳೆ. ಕೇಳಿದವರು ತಮಾಷೆ ಅಂದುಕೊಂಡು ನಗುತ್ತಾರೆ.

ತಮಾಷೆಯಲ್ಲ.

ಸ್ವಯಂಸೇವಕರ ತಂಡವೊಂದರ ಜೊತೆ ಅವಳು ಮೂರು ವಾರ ಲೆಸೊಥೊ ಎಂಬ ಪುಟ್ಟ ದೇಶಕ್ಕೆ ಹೋಗಿದ್ದಳು. ನಕ್ಷೆಯಲ್ಲಿ ಹುಡುಕಿದರೆ ಅದು ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಸಿಗುತ್ತದೆ. ಸುತ್ತ ನಾಲ್ಕೂ ಕಡೆ ಅದೇ ದೇಶ. ಬೆಟ್ಟದ ಹಳ್ಳಿಗಳಲ್ಲಿ ಬಿ.ಪಿ. ನೋಡುವುದು, ತೂಕ ಬರೆದುಕೊಳ್ಳುವುದು, ಮಕ್ಕಳಿಗೆ ಕೈ ತೊಳೆಯುವ ಪಾಠ. ಬಡವರ ಪಕ್ಕ ನಿಂತು ಫೋಟೋ ಹಿಡಿಸಿಕೊಂಡು ಬರುವ ಇಂಥ ಸೇವಾಯಾತ್ರೆಗಳ ಬಗ್ಗೆ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಈ ಹುಡುಗಿಯ ಟಿಕೇಟಿಗೆ ಮಾತ್ರ ಅಜ್ಜಿಯ ಓಲೆ ಅಡವಿಗೆ ಹೋಗಿತ್ತು. ಚಿನ್ನದ ಊರಿನ ಆ ಮನೆಯಲ್ಲಿ ಇದ್ದ ಚಿನ್ನ ಅಷ್ಟೇ!

ಹಳ್ಳಿಯಲ್ಲಿ ಒಂದು ಸಂಗತಿ ಅವಳಿಗೆ ವಿಚಿತ್ರ ಅನ್ನಿಸಿತ್ತು. ಬಿ.ಪಿ. ತೋರಿಸಲು ಬಂದ ಮುದುಕರಲ್ಲಿ ಕೆಲವರ ಕೈಯಲ್ಲಿ ದೊಡ್ಡ ಎಕ್ಸ್‌ರೇ ಕವರು. ನಾಲ್ಕು ಹೆಜ್ಜೆ ಹತ್ತಿದರೆ ಉಬ್ಬಸ. ನೀವು ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಜೋಹಾನ್ಸ್‌ಬರ್ಗ್ ಕಡೆ, ಚಿನ್ನದ ಗಣಿಯಲ್ಲಿ. ಆ ಕೆಮ್ಮಿನ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಚಾಂಪಿಯನ್ ರೀಫ್‌ನ ಲೈನ್ ಮನೆಯಲ್ಲಿ ತಾತನ ಮಂಚದ ಪಕ್ಕ ಮಲಗಿ ಬೆಳೆದವಳು.

ವಾಪಸು ಬರುವ ವಿಮಾನ ಜೋಹಾನ್ಸ್‌ಬರ್ಗ್‌ನಿಂದ, ಅದೂ ರಾತ್ರಿ. ಹಗಲೆಲ್ಲ ಬಿಡುವು. ತಂಡದ ಉಳಿದವರು ಅಂಗಡಿ ಬೀದಿ ಅಂದರು. ಇವಳು ಗಣಿ ನೋಡೋಣ ಅಂದಳು.

ಊರೊಳಗೆ ಹೋಗುವಾಗಲೇ ರಸ್ತೆ ಪಕ್ಕ ಹಳದಿ ದಿಬ್ಬಗಳು ಕಂಡವು. ಚಪ್ಪಟೆ ತಲೆ, ಮಳೆ ಕೊರೆದ ಪಕ್ಕೆಗಳು. ಗಾಳಿ ಬೀಸಿದರೆ ಸುತ್ತಲಿನ ಬಡವರ ಬಡಾವಣೆಗಳ ಮೇಲೆ ಪುಡಿ. ಇದನ್ನು ನಮ್ಮ ಊರ್ಗಾಂ, ಮಾರಿಕುಪ್ಪಂ ಜನಕ್ಕೆ ವರ್ಣಿಸಿ ಹೇಳಬೇಕೇ? ಬೇಸಿಗೆಯಲ್ಲಿ ಅನ್ನದ ತಟ್ಟೆ ಮುಚ್ಚಿಟ್ಟು ಉಣ್ಣುವವರು ನಾವು. ಚಿನ್ನ ತೆಗೆದುಕೊಂಡು ಬಿಟ್ಟುಹೋದ ಪುಡಿ ಇಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚಿದೆ.

ವಯಸ್ಸಿನಲ್ಲಿ ನಾವೇ ಹಿರಿಯರು. ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಕಾಲಿಟ್ಟದ್ದು 1880ರಲ್ಲಿ. ಜೋಹಾನ್ಸ್‌ಬರ್ಗ್‌ನಲ್ಲಿ ಚಿನ್ನ ಸಿಕ್ಕಿ ಊರು ಹುಟ್ಟಿದ್ದು 1886ರಲ್ಲಿ. 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣವನ್ನು ವಿಜ್ಞಾನಿಗಳು ಮೊದಲು ಪತ್ತೆ ಹಚ್ಚಿದ್ದೂ ಈ ಎರಡೇ ಕಡೆ: ನಮ್ಮ ಚಾಂಪಿಯನ್ ರೀಫ್ ಆಳದಲ್ಲಿ, ಜೋಹಾನ್ಸ್‌ಬರ್ಗ್ ಹತ್ತಿರದ ಒಂದು ಗಣಿಯ ಆಳದಲ್ಲಿ.

ಅಲ್ಲಿ ಕ್ರೌನ್ ಮೈನ್ಸ್ ಎಂಬ ಹಳೇ ಗಣಿಯ ಜಾಗದಲ್ಲಿ ಗೋಲ್ಡ್ ರೀಫ್ ಸಿಟಿ ಅಂತ ಮೋಜಿನ ಊರನ್ನೇ ಕಟ್ಟಿದ್ದಾರೆ. ದೊಡ್ಡ ರಾಟೆ, ಉಯ್ಯಾಲೆ, ತಿಂಡಿ ಅಂಗಡಿ. ದುಡ್ಡು ಕೊಟ್ಟರೆ ತಲೆಗೆ ಟೋಪಿ, ಟೋಪಿಗೆ ದೀಪ ಹಾಕಿ ಕೇಜಿನಲ್ಲಿ ಕೆಳಗೆ ಇಳಿಸುತ್ತಾರೆ. ಇಳಿಯೋದು ನೂರು ಮೀಟರೂ ಇಲ್ಲ! "ನಮ್ಮ ತಾತ ಇಳೀತಿದ್ದದ್ದು ಮೂರು ಕಿಲೋಮೀಟರು" ಅಂದಳಂತೆ. ಇಂಡಿಯಾದಲ್ಲೂ ಚಿನ್ನದ ಗಣಿ ಇತ್ತೇ ಅಂತ ದಾರಿ ತೋರುವವನೇ ಇವಳನ್ನು ಕೇಳಿದ. ಆಮೇಲೆ ಅರ್ಧ ಗಂಟೆ ಇವಳೇ ಗೈಡು. ಬಂಡೆಯೇ 60 ಡಿಗ್ರಿ ದಾಟಿ ಸುಡುತ್ತಿದ್ದದ್ದು, ಏರ್ ಬ್ಲಾಸ್ಟ್ ಆದಾಗ ಮೇಲಿನ ಮನೆಗಳ ಪಾತ್ರೆ ಉರುಳುತ್ತಿದ್ದದ್ದು, ಹೆಂಗಸರು ಷಾಫ್ಟಿನ ಕಡೆ ಓಡುತ್ತಿದ್ದದ್ದು, ಎಲ್ಲ ಹೇಳಿದಳು.

ಪಕ್ಕದಲ್ಲೇ ವರ್ಣಭೇದದ ಮ್ಯೂಸಿಯಂ. ಅಲ್ಲಿ ಟಿಕೇಟಿನಲ್ಲೇ ಬಿಳಿಯರು, ಬಿಳಿಯರಲ್ಲದವರು ಅಂತ ಎರಡು ಬಗೆ. ಯಾರಿಗೆ ಯಾವುದು ಬರುತ್ತೋ ಅದರ ಬಾಗಿಲಲ್ಲೇ ಹೋಗಬೇಕು. ಇವಳಿಗೆ ಬಿಳಿಯರ ಟಿಕೇಟು ಬಂತು, ನಗು ಬಂತು. ಕೆ.ಜಿ.ಎಫ್.ನಲ್ಲಿ ದೊರೆಗಳ ಬಂಗಲೆ, ಕ್ಲಬ್ಬು ಒಂದು ಕಡೆ, ಕೂಲಿಯವರ ತಟ್ಟಿ ಮನೆ ಇನ್ನೊಂದು ಕಡೆ ಇದ್ದ ಕಾಲಕ್ಕೆ ಟಿಕೇಟಿನ ಅಗತ್ಯವೇ ಇರಲಿಲ್ಲ. ಈ ಮ್ಯೂಸಿಯಂ ಬಾಗಿಲು ತೆರೆದದ್ದು 2001ರಲ್ಲಿ. ನಮ್ಮ ಗಣಿಗೆ ಬೀಗ ಬಿದ್ದದ್ದೂ ಅದೇ 2001ರಲ್ಲಿ.

ಮಧ್ಯಾಹ್ನದ ಊಟಕ್ಕೆ ನಮ್ಮವರೇ ಹೆಚ್ಚಿರುವ ಫೋರ್ಡ್ಸ್‌ಬರ್ಗ್. ಅಲ್ಲಿಯ ಹಮೀದಿಯಾ ಮಸೀದಿ ಎದುರು 1908ರ ಆಗಸ್ಟ್ 16ರಂದು ಗಾಂಧೀಜಿ ಮುಂದಾಳುತನದಲ್ಲಿ ಭಾರತೀಯರು ತಮ್ಮ ನೋಂದಣಿ ಚೀಟಿಗಳನ್ನು ಸುಟ್ಟರು. ಬೆರಳಚ್ಚು ಕೇಳುವ ಕಾನೂನಿನಿಂದ ಎದ್ದ ಜಗಳ ಅದು. ಬೆರಳಚ್ಚು ಕೊಡೋಲ್ಲ ಅಂತ ಕೆ.ಜಿ.ಎಫ್.ನ ಗಣಿ ಕಾರ್ಮಿಕರು 1930ರಲ್ಲಿ ಕೆಲಸ ನಿಲ್ಲಿಸಿ ಹೂಡಿದ ಮುಷ್ಕರ ನಮ್ಮೂರಿನ ಎಷ್ಟು ಹುಡುಗರಿಗೆ ಗೊತ್ತು? ಇವಳಿಗೂ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಪಕ್ಕದ ಮನೆಯ ಹಳೇ ಯೂನಿಯನ್ ಮುದುಕರು ಹೇಳಿ ಗೊತ್ತಾಯಿತು.

ಲೆಸೊಥೊ ಮುದುಕರ ಎಕ್ಸ್‌ರೇ ಕವರಿನ ಗುಟ್ಟೂ ಅದೇ ದಿನ ತಿಳಿಯಿತು. ಕಲ್ಲಿನ ಧೂಳು ಕುಡಿದು ಪುಪ್ಪುಸ ಗಟ್ಟಿಯಾಗುವ ಸಿಲಿಕೋಸಿಸ್ ರೋಗಕ್ಕಾಗಿ ಅಲ್ಲಿಯ ಚಿನ್ನದ ಗಣಿ ಕಾರ್ಮಿಕರು ಒಟ್ಟಾಗಿ ಮೊಕದ್ದಮೆ ಹೂಡಿದ್ದರು. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ 2018ರಲ್ಲಿ ಆರು ಕಂಪನಿಗಳು ರಾಜಿಗೆ ಬಂದವು. ಸುಮಾರು 500 ಕೋಟಿ ರಾಂಡ್. 2019ರಲ್ಲಿ ಜೋಹಾನ್ಸ್‌ಬರ್ಗ್ ಹೈಕೋರ್ಟು ಒಪ್ಪಿತು. 1965ರ ಮಾರ್ಚ್‌ನಿಂದ ಈಚೆಗೆ ಆ ಕಂಪನಿಗಳ ಗಣಿಗೆ ಇಳಿದು ರೋಗ ತಂದುಕೊಂಡವರು, ಸತ್ತಿದ್ದರೆ ಅವರ ಹೆಂಡಿರು ಮಕ್ಕಳು ಅರ್ಜಿ ಹಾಕಬಹುದು. ನೆರೆ ದೇಶದಿಂದ ಬಂದ ಕೂಲಿಗೂ ಹಕ್ಕುಂಟು. ಹಣ ಕೈಗೆ ಬರೋದು ನಿಧಾನ ಎಂಬ ದೂರು ಅಲ್ಲೂ ಇದೆ. ಆದರೂ ಎಕ್ಸ್‌ರೇ ತೋರಿಸಲು ಒಂದು ಕಿಟಕಿ ಇದೆ.

ಇಲ್ಲಿ? ಸಿಲಿಕೋಸಿಸ್‌ಗೆ ಪರಿಹಾರ ಕೊಡಬೇಕೆಂದು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ಮಾಡಿತ್ತು. ಆ ದಶಕದಲ್ಲಿ ಕೋಲಾರದ ಗಣಿಗಳ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗ ಕಂಡಿತ್ತು. ಭಾರತದಲ್ಲಿ ಸಿಲಿಕೋಸಿಸ್ ಅಂದರೆ ವೈದ್ಯರು ಮೊದಲು ಹೆಸರಿಸುವ ಊರೇ ನಮ್ಮದು. 2019ರಲ್ಲಿ ರಾಜಸ್ಥಾನ ಸರ್ಕಾರ ಕಲ್ಲು ಗಣಿಯ ರೋಗಿಗಳಿಗೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ ಕೊಡುವ ನೀತಿ ತಂದಿತು. ದಾರಿ ಮೊದಲು ಕಂಡವರು ನಾವು, ನಡೆದವರು ಇನ್ಯಾರೋ.

ಹುಡುಗಿ ಮನೆಗೆ ಬಂದು ಮೊದಲು ಮಾಡಿದ ಕೆಲಸ ತಾತನ ಟ್ರಂಕು ತೆಗೆದದ್ದು. 2001ರವರೆಗೆ ಗಣಿಗೆ ಇಳಿದು, ಕೊನೆಕೊನೆಗೆ ಟಿ.ಬಿ. ಮಾತ್ರೆ ನುಂಗುತ್ತಲೇ ತೀರಿಕೊಂಡವರು. ಟಿ.ಬಿ.ಯೋ, ಧೂಳೋ? ಎರಡೂ ಒಂದರ ಬೆನ್ನಿಗೊಂದು ಬರುತ್ತವೆ, ಒಂದನ್ನು ಇನ್ನೊಂದೆಂದು ತಿಳಿಯುವುದೂ ಉಂಟು ಎಂದು ಅವಳ ಪಾಠದಲ್ಲೇ ಇದೆ. ಟ್ರಂಕಿನ ತಳದಲ್ಲಿ, ಸೀರೆ ಕೆಳಗೆ, ಅಜ್ಜಿ ಮಡಿಸದೆ ಇಟ್ಟಿದ್ದ ಎಕ್ಸ್‌ರೇ ಸಿಕ್ಕಿತು.

"ಅದ್ಯಾಕೆ ತೆಗೆದೆ? ಈಗ ಯಾರಿಗೆ ತೋರಿಸ್ತೀಯಾ ಅದನ್ನ?" ಅಂದಳು ಅಜ್ಜಿ.

ಬರುವ ಸೋಮವಾರ ಕಾಲೇಜಿಗೆ ರಜೆ ಹಾಕಿ, ಬಂಗಾರಪೇಟೆಯಿಂದ ಬಸ್ಸು ಹಿಡಿದು ಕೋಲಾರದ ಜಿಲ್ಲಾ ಕಚೇರಿಗೆ ಹೋಗಿ ಅದನ್ನೇ ಕೇಳುತ್ತಾಳಂತೆ. ಕವರಿನ ಮೇಲೆ ತಾತನ ಟಿಕೇಟ್ ನಂಬರು ಇನ್ನೂ ಓದುವ ಹಾಗಿದೆ.