ಬಾಗಿಲು ತಟ್ಟದೆ ಬರುವ ಲೈನ್‌ಮನ್

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಎಂದಿನಂತೆ ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಸಂಪರ್ಕ ಲಭ್ಯವಿಲ್ಲವೆಂಬ ಧ್ವನಿಮುದ್ರಿತ ಉತ್ತರ ಬಂತು. ಎಂಬತ್ನಾಲ್ಕು ವರ್ಷದ ಅವರು ಆ ಮನೆಯಲ್ಲಿ ಒಬ್ಬರೇ ಇದ್ದಾರೆ. ಮೊಬೈಲ್ ಅವರ ಕೈಗೆ ಒಗ್ಗಿಲ್ಲ. ಗಾಬರಿಯಿಂದ ಪಕ್ಕದ ಮನೆಯವರನ್ನು ಕಳಿಸಿದರೆ, ಅಮ್ಮ ತುಳಸಿಗೆ ನೀರು ಹಾಕುತ್ತಿದ್ದರಂತೆ. ಫೋನ್ ಸತ್ತಿರುವುದೇ ಅವರಿಗೆ ತಿಳಿದಿರಲಿಲ್ಲ.

ಸೇವಾ ಕೇಂದ್ರದ ಹುಡುಗ ಸಹಜವಾಗಿಯೇ ಹೇಳಿದ: "ರಾತ್ರಿ ಅಪ್‌ಡೇಟ್ ಹೋಗಿದೆ ಸಾರ್, ಮಧ್ಯೆ ಕರೆಂಟ್ ಹೋಗಿರಬೇಕು. ಬಾಕ್ಸ್ ಬದಲಾಯಿಸಬೇಕು." ಬದಲಾಯಿಸಲು ಎರಡು ದಿನ ಹಿಡಿಯಿತು.

ದೂರವಾಣಿ ಉಪಕರಣಗಳ ದುರಸ್ತಿಯಲ್ಲೇ ವೃತ್ತಿಜೀವನ ಕಳೆದ ನನಗೆ ಈ ಮಾತು ಒಂದು ಯುಗದ ಬದಲಾವಣೆಯನ್ನೇ ಹೇಳಿತು. ಹಳೆಯ ಫೋನಿಗೆ ಸ್ವಂತ ಬುದ್ಧಿಯಿರಲಿಲ್ಲ. ವಿನಿಮಯ ಕೇಂದ್ರದ ಬ್ಯಾಟರಿಯಿಂದ ತಾಮ್ರದ ತಂತಿಯ ಮೇಲೆ 48 ವೋಲ್ಟ್ ವಿದ್ಯುತ್ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಡಯಲ್ ಟೋನ್ ಇರುತ್ತಿತ್ತು. ಇಂದು ಫೈಬರ್ ಸಂಪರ್ಕದ ಮನೆಗಳಲ್ಲಿ ನಮ್ಮ ಮಾತು ಚೂರುಚೂರಾಗಿ ಅಂತರ್ಜಾಲದ ನಿಯಮಗಳಂತೆ ಸಾಗುತ್ತದೆ. ಆ ಕೆಲಸ ಮಾಡುವ ಪುಟ್ಟ ಪೆಟ್ಟಿಗೆ ನಿಜಕ್ಕೂ ಒಂದು ಗಣಕಯಂತ್ರ. ಅದಕ್ಕೆ ಮನೆಯ ವಿದ್ಯುತ್ ಬೇಕು, ತನ್ನದೇ ತಂತ್ರಾಂಶ ಬೇಕು. ತಂತ್ರಾಂಶವಿದ್ದ ಮೇಲೆ ದೋಷವೂ ಇರುತ್ತದೆ, ತಿದ್ದುಪಡಿಯೂ ಬೇಕಾಗುತ್ತದೆ.

ಲಕ್ಷಾಂತರ ಮನೆಗಳಿಗೆ ಆಳು ಕಳಿಸುವುದು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಆದ್ದರಿಂದ ದೂರದಿಂದಲೇ ತಿದ್ದುವ ವಿಧಾನಗಳು ಹುಟ್ಟಿಕೊಂಡವು. 2004ರಲ್ಲಿ ರೂಪುಗೊಂಡ ಟಿಆರ್-069 ಅವುಗಳಲ್ಲಿ ಪ್ರಮುಖವಾದುದು. ಪೆಟ್ಟಿಗೆಯು ಆಗಾಗ ಸಂಸ್ಥೆಯ ಸರ್ವರನ್ನು ಸಂಪರ್ಕಿಸಿ ತನಗೆ ಹೊಸತೇನಿದೆಯೆಂದು ವಿಚಾರಿಸುತ್ತದೆ. ಹೊಸ ಫರ್ಮ್‌ವೇರ್ ಇದ್ದರೆ ಇಳಿಸಿಕೊಂಡು, ಹಳೆಯದನ್ನು ಅಳಿಸಿ, ಆ ಜಾಗದಲ್ಲಿ ಬರೆದುಕೊಳ್ಳುತ್ತದೆ. ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ ಕಡಿತವಾದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅಮ್ಮನ ಮನೆಯಲ್ಲಿ ಆದದ್ದು ಇದೇ.

ಹಾಗೆಂದು ಈ ಬಾಗಿಲನ್ನೇ ಮುಚ್ಚೋಣವೆಂದರೆ ಅದು ವಿವೇಕವಲ್ಲ. 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರು ತೊಂದರೆಗೊಳಗಾದರು. ಅಂತರ್ಜಾಲ, ದೂರವಾಣಿ, ಟಿ.ವಿ. ಎಲ್ಲವೂ ಕೈಕೊಟ್ಟವು. ದೂರನಿರ್ವಹಣೆಗೆಂದು ತೆರೆದಿಟ್ಟಿದ್ದ 7547ನೇ ಪೋರ್ಟ್ ಮೂಲಕವೇ ದಾಳಿ ನಡೆದಿತ್ತು. ಸಂಸ್ಥೆ ಒದಗಿಸಿದ ಪರಿಹಾರವೂ ದೂರದಿಂದಲೇ ಬಂದ ಹೊಸ ತಂತ್ರಾಂಶ. ಕಳ್ಳನೂ ವೈದ್ಯನೂ ಬರುವ ದಾರಿ ಒಂದೇ ಆಗಿತ್ತು!

2023ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಪ್ರಕರಣ ಇನ್ನೂ ವಿಚಿತ್ರ. ತ್ರೀಸಿಎಕ್ಸ್ ಎಂಬ ಅಂತರ್ಜಾಲ ದೂರವಾಣಿ ತಂತ್ರಾಂಶದ ಅಪ್‌ಡೇಟ್‌ನೊಳಗೇ ದುಷ್ಟ ಸಂಕೇತಗಳು ಅಡಗಿದ್ದವು; ಅದರ ಮೇಲೆ ಆ ಸಂಸ್ಥೆಯದೇ ಡಿಜಿಟಲ್ ಸಹಿಯಿತ್ತು. ಔಷಧದ ಸೀಸೆಯಲ್ಲೇ ವಿಷ ಬಂದಂತೆ.

ಹಾಗಾದರೆ ಮಾಡಬೇಕಾದುದೇನು? ಪರಿಹಾರಗಳು ಹೊಸವಲ್ಲ. ಮೆಮೊರಿಯಲ್ಲಿ ತಂತ್ರಾಂಶದ ಎರಡು ಪ್ರತಿಗಳಿಗೆ ಜಾಗವಿಟ್ಟರೆ, ಹೊಸತು ಕೆಟ್ಟಾಗ ಪೆಟ್ಟಿಗೆ ತಾನೇ ಹಳೆಯದಕ್ಕೆ ಮರಳುತ್ತದೆ. ದೂರನಿರ್ವಹಣೆಯ ಬಾಗಿಲು ಸಂಸ್ಥೆಯ ಸರ್ವರಿಗೆ ಮಾತ್ರ ತೆರೆಯುವಂತಿರಬೇಕು. ಹೊಸ ಆವೃತ್ತಿಯನ್ನು ಮೊದಲು ಕೆಲವೇ ಮನೆಗಳಲ್ಲಿ ಪರೀಕ್ಷಿಸಿ, ಅನಂತರ ಎಲ್ಲರಿಗೂ ಕಳಿಸಬೇಕು. ಸಹಿಯನ್ನಷ್ಟೇ ನಂಬಿದರೆ ಸಾಲದೆಂಬುದು 2023ರ ಪಾಠ. ಇವೆಲ್ಲಕ್ಕೂ ಹಣ ಬೇಕು. ಅಗ್ಗದ ಪೆಟ್ಟಿಗೆಯಲ್ಲಿ ಮೊದಲು ಕತ್ತರಿ ಬೀಳುವುದು ಇವುಗಳಿಗೇ.

ಇನ್ನು ಗ್ರಾಹಕನ ಹಕ್ಕಿನ ಮಾತು. ಇಂಥ ರಾತ್ರಿ, ಇಂಥ ಹೊತ್ತಿನಲ್ಲಿ ನಿಮ್ಮ ಫೋನ್ ಸ್ಥಗಿತಗೊಳ್ಳುತ್ತದೆ ಎಂದು ಮುಂಚಿತವಾಗಿ ಒಂದು ಎಸ್ಸೆಮ್ಮೆಸ್ ಕಳಿಸಲು ಕಷ್ಟವೇನು? ಕೆಲಸ ಮುಗಿದ ಮೇಲೆ ಪೆಟ್ಟಿಗೆ ಮತ್ತೆ ಓಗೊಡದಿದ್ದರೆ ಅದು ಮೊದಲು ತಿಳಿಯುವುದು ಸಂಸ್ಥೆಯ ಸರ್ವರಿಗೇ. ಅಂಥ ಮನೆಗೆ ದೂರು ಬರುವ ಮುನ್ನವೇ ಆಳು ಹೊರಡಬೇಡವೇ? ಅಮೆರಿಕದ ಎಫ್‌ಸಿಸಿ 2015ರಲ್ಲಿ ಒಂದು ನಿಯಮ ತಂದು, ಇಂಥ ಮನೆ ಫೋನುಗಳಿಗೆ ಎಂಟು ಗಂಟೆ ಬಾಳುವ ಬ್ಯಾಟರಿಯ ಆಯ್ಕೆಯನ್ನು ಗ್ರಾಹಕರ ಮುಂದಿಡಬೇಕೆಂದು ಸಂಸ್ಥೆಗಳಿಗೆ ವಿಧಿಸಿತ್ತು. ನಮ್ಮಲ್ಲಿ ಸಂಪರ್ಕ ಕೊಡಲು ಬಂದವರು ಅಮ್ಮನಿಗೆ ಬ್ಯಾಟರಿಯ ಮಾತನ್ನೇ ಆಡಿರಲಿಲ್ಲ.

ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಲೈನ್‌ಮನ್ ಗೇಟಿನಲ್ಲೇ ನಿಂತು "ಅಮ್ಮಾ, ಫೋನ್ ನೋಡಬೇಕಿತ್ತು" ಎನ್ನುತ್ತಿದ್ದ. ಕೆಲಸ ಮುಗಿಸಿ, ರಿಸೀವರ್ ಎತ್ತಿ ಡಯಲ್ ಟೋನ್ ಕೇಳಿಸಿಯೇ ಹೊರಡುತ್ತಿದ್ದ. ಈಗಿನ ಲೈನ್‌ಮನ್ ನಡುರಾತ್ರಿ ಹೇಳದೆ ಬಂದು ಹೇಳದೆ ಹೋಗುತ್ತಾನೆ.

ಅಮ್ಮನ ಪೆಟ್ಟಿಗೆಗೆ ಸಣ್ಣದೊಂದು ಯುಪಿಎಸ್ ಹಾಕಿಸಿದ್ದೇನೆ. ಅವರೂ ಒಂದು ಅಭ್ಯಾಸ ಮಾಡಿಕೊಂಡಿದ್ದಾರೆ: ದಿನವೂ ಕಾಫಿಗೆ ನೀರಿಡುವ ಮುನ್ನ ರಿಸೀವರ್ ಎತ್ತಿ ಡಯಲ್ ಟೋನ್ ಕೇಳಿ ಇಡುತ್ತಾರೆ. ಆ ಪರೀಕ್ಷೆ ನಡೆಸಬೇಕಾದವರು ಅವರೋ, ತಿಂಗಳು ತಿಂಗಳು ಬಿಲ್ ಕಳಿಸುವವರೋ?